ಆರನೇ ಸಂಪುಟದ ಗುರುಶಾಂತಮ್ಮ

ನಿಟ್ಟುವಳ್ಳಿಯ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಎರಡೂವರೆಗೆ ಒಂದು ರಾಜ್ಯ ಏಳುತ್ತಿತ್ತು, ಐದಕ್ಕೆ ಮುಳುಗುತ್ತಿತ್ತು. ಅದರ ಗಡಿ ಗುರುಶಾಂತಮ್ಮನವರ ಮನೆಯ ಮುಂದಿನ ಕಟ್ಟೆ. ಅಲ್ಲಿ ನಾಲ್ಕೈದು ಹೆಂಗಸರು ಸೀರೆಯ ಸೆರಗನ್ನು ಮೊಣಕಾಲ ಮೇಲೆ ಹರವಿಕೊಂಡು ಕುಚ್ಚು ಕಟ್ಟುತ್ತಿದ್ದರು. ರೇಷ್ಮೆ ದಾರ ಸುತ್ತಬೇಕು, ಮಣಿ ಪೋಣಿಸಬೇಕು, ಗಂಟು ಹಾಕಿ ಕತ್ತರಿಸಬೇಕು. ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಆ ಬಿಡುವಿನಲ್ಲಿ ಗುರುಶಾಂತಮ್ಮ ‘ಕಂಚಿನ ಹೊಳೆ’ ಹೇಳುತ್ತಿದ್ದರು.

ಅದು ಆರು ಸಂಪುಟಗಳ ಹಳೆಯ ಕಾದಂಬರಿ. ಗುರುಶಾಂತಮ್ಮನವರ ಕೈಗೆ ಬಂದ ಪ್ರತಿಗಳಿಗೆ ರಕ್ಷಾಪುಟವೇ ಇರಲಿಲ್ಲ. ಬರೆದವರು ಯಾರೆಂದು ಅವರು ಕೇಳಲೂ ಇಲ್ಲ. ಅವರಿಗೆ ಬೇಕಾಗಿದ್ದವಳು ರಾಣಿ ಚಂದಲೆ. ಅವಳಿಗೆ ಆರು ಕಾಲಿನ ಕುದುರೆ. ಅವಳ ನಾಡಿನ ನಡುವೆ ಕಂಚಿನ ಬಣ್ಣದ ಹೊಳೆ. ಅದರಲ್ಲಿ ಮುಳುಗಿದವರು ತಮ್ಮ ಹೆಸರನ್ನೇ ಮರೆಯುತ್ತಾರೆ. ಆಚೆ ದಡದಲ್ಲಿ ಹೊಗೆಯ ದೊರೆ. ಅವನು ಜನರ ನೆರಳು ಕದ್ದು ಗಡಿಗೆಗಳಲ್ಲಿ ತುಂಬಿಡುತ್ತಾನೆ. ಐದನೇ ಸಂಪುಟದ ಕೊನೆಯ ಸಾಲಿನಲ್ಲಿ ಸೇತುವೆ ಉರಿಯುತ್ತದೆ, ಚಂದಲೆ ಕುದುರೆಯನ್ನು ಹೊಳೆಗೆ ಹಾರಿಸುತ್ತಾಳೆ.

ಕಟ್ಟೆಗೆ ಒಂದು ನಿಯಮವಿತ್ತು. ಗುರುಶಾಂತಮ್ಮನವರ ಕೈಯಲ್ಲಿರುವ ಸೀರೆಗೆ ಕೊನೆಯ ಗಂಟು ಬಿದ್ದು ದಾರ ಕತ್ತರಿಸಿದರೆ ಆವತ್ತಿನ ಕಥೆಯೂ ಅಲ್ಲಿಗೇ ಕತ್ತರಿಸಬೇಕು. ಚಂದಲೆ ಕತ್ತಿ ಎತ್ತಿದ್ದರೆ ಎತ್ತಿದ ಹಾಗೆಯೇ ಮರುದಿನದವರೆಗೆ ನಿಂತಿರಬೇಕು. ಹಾಗಾಗಿ ಕಥೆ ಬಿಸಿಯೇರಿದಾಗ ಹೆಂಗಸರೆಲ್ಲ ಅವರ ಮಣಿಡಬ್ಬಿ ಬಚ್ಚಿಡುವುದು, ದಾರದ ಉಂಡೆಯನ್ನು ಕಾಲಿನಿಂದ ದೂರ ತಳ್ಳುವುದು ನಡೆಯುತ್ತಿತ್ತು. ಶಾಲೆಯಿಂದ ಓಡಿ ಬಂದು ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಕೂತು ಕಥೆ ಕೇಳುತ್ತಿದ್ದ ನಾನು ಆಗ ನಾಲ್ಕನೇ ತರಗತಿ. ಆ ಉಂಡೆಯನ್ನು ಚರಂಡಿಗೆ ಬೀಳದಂತೆ ಹಿಡಿಯುವುದು ನನ್ನ ಕೆಲಸವಾಗಿತ್ತು.

ಗುರುಶಾಂತಮ್ಮ ಹತ್ತನೇ ತರಗತಿ ಓದಿದವರು. ಮಲೆಬೆನ್ನೂರಿನಿಂದ ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದರು. ಬಾಡಿಗೆ ಪುಸ್ತಕದ ಲೈಬ್ರರಿಯೊಂದಕ್ಕೆ ಸದಸ್ಯರಾದದ್ದು ಅವರು ಈ ಊರಿನಲ್ಲಿ ತಮಗಾಗಿ ಮಾಡಿಕೊಂಡ ಮೊದಲ ಕೆಲಸ. ಒಗ್ಗರಣೆ ಹಾಕುವಾಗ ಎಡಗೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದರಂತೆ. ಗಂಡ ಮಿಲ್ಲಿನಿಂದ ಬಂದು ಊಟಕ್ಕೆ ಕೂತರೆ ಸಾರಿನ ರುಚಿಯಲ್ಲೇ ಕಾದಂಬರಿ ಎಲ್ಲಿಗೆ ಬಂದಿದೆಯೆಂದು ತಿಳಿಯುತ್ತಿತ್ತಂತೆ. “ಇವತ್ತು ಯುದ್ಧ ಏನು? ಉಪ್ಪು ಎಲ್ಡು ಸಲ ಬಿದ್ದೈತೆ,” ಎಂದು ಅವರು ಕೇಳುತ್ತಿದ್ದರೆಂದು ಗುರುಶಾಂತಮ್ಮನವರೇ ನಗುತ್ತ ಹೇಳುವುದುಂಟು.

ಕಟ್ಟೆಯ ಮೇಲೆ ಅವರ ಎಡಕ್ಕೆ ಯಾವಾಗಲೂ ಖತೀಜಾಬೀ. ಎರಡು ಮನೆ ಆಚೆಯವರು. ಬಟ್ಟೆ ಅಂಗಡಿಗಳಿಂದ ಸೀರೆ ತಂದು ಹಂಚುವುದು, ಕುಚ್ಚು ಕಟ್ಟಿದ್ದನ್ನು ತಿರುಗಿ ಮುಟ್ಟಿಸುವುದು ಅವರ ಪಾಲಿನ ಕೆಲಸ. ಕಥೆಯ ನಡುವೆ ಬಾಯಿ ಹಾಕುವುದೂ ಅವರದೇ ಪಾಲು.

“ಆ ದೊರೆ ಅಷ್ಟೊಂದು ನೆರಳು ಕದ್ದು ಏನ್ ಮಾಡ್ತಾನ್ರಿ ಗುರುಶಾಂತಕ್ಕ? ಉಪ್ಪಿನಕಾಯಿ ಹಾಕ್ತಾನಾ?”

“ಹೊಗೆಗೆ ಸ್ವಂತ ನೆರಳಿಲ್ಲ ಖತೀಜಾ. ಇದ್ದೋರನ್ನ ಕಂಡ್ರೆ ಹೊಟ್ಟೆಕಿಚ್ಚು.”

“ಹಂಗಾದ್ರೆ ನಮ್ಮ ಆಮ್ನಾನ ಅಪ್ಪಂದು ಒಯ್ಯಲಿ ಬಿಡ್ರಿ. ಅವರ ಜೊತೆಗೇ ದಿನಾ ಮಂಚದ ಮ್ಯಾಲೆ ಬಿದ್ದಿರ್ತೈತೆ, ಒಂದು ಕೆಲಸಕ್ಕೆ ಬರಲ್ಲ.”

ಆರನೇ ಸಂಪುಟವೆಂದರೆ ಕಟ್ಟೆಗೆ ಹಬ್ಬ. ಅದರಲ್ಲಿ ಚಂದಲೆ ಹೊಳೆಗೆ ಹಾರುವ ಮೊದಲೇ ಮುಂಗೈಗೆ ದಾರ ಸುತ್ತಿ ಮೂರು ಗಂಟು ಹಾಕಿಕೊಂಡಿರುತ್ತಾಳೆ, ಹೆಸರಿನ ಒಂದೊಂದು ಅಕ್ಷರಕ್ಕೆ ಒಂದೊಂದು. ನೀರಿನಲ್ಲಿ ಎಲ್ಲ ಮರೆತರೂ ಬೆರಳು ಗಂಟನ್ನು ಮುಟ್ಟುತ್ತದೆ, ಹೆಸರು ತಿರುಗಿ ಬರುತ್ತದೆ. ಆಚೆ ದಡದಲ್ಲಿ ಒಬ್ಬ ಮುದುಕಿ ಅವಳಿಗೆ ಮಂಡಕ್ಕಿ, ಹಸಿಮೆಣಸಿನಕಾಯಿ ಕೊಡುತ್ತಾಳೆ. ಹೊಟ್ಟೆ ತುಂಬಿದ ಚಂದಲೆ ಹೋಗಿ ಗಡಿಗೆಗಳನ್ನು ಒಡೆಯುತ್ತಾಳೆ. ನೆರಳುಗಳೆಲ್ಲ ಊರಿಗೆ ಓಡುತ್ತವೆ. ಗಡಿಬಿಡಿಯಲ್ಲಿ ಕುಳ್ಳ ಶೆಟ್ಟರಿಗೆ ತೆಂಗಿನಮರದ ನೆರಳು ಅಂಟಿಕೊಳ್ಳುತ್ತದೆ.

ಈ ಆರನೇ ಸಂಪುಟ ಮೊದಲ ಸಲ ಮುಗಿದ ವಾರದಲ್ಲೇ ಖತೀಜಾಬೀ ಸ್ಕೂಟರ್ ಕಲಿಯಲು ಹೊರಟರು. ಆಗ ಅವರಿಗೆ ನಲವತ್ತಾರು. ಅಲ್ಲಿಯವರೆಗೆ ಸೀರೆಗಂಟು ಹೊತ್ತು ಆಟೋಗೆ ಕಾಯುತ್ತ ಅರ್ಧ ದಿನ ಕಳೆಯುತ್ತಿದ್ದವರು. “ಆಕೆ ಹೊಳೆನೇ ದಾಟಿದ್ಳು, ನಂಗೆ ಪಿ.ಬಿ. ರೋಡ್ ದಾಟಕ್ಕಾಗಲ್ವಾ?” ಎಂದು ಕಟ್ಟೆಯ ಮೇಲೆ ಘೋಷಿಸಿದರು. ಎರಡು ಸಲ ಬಿದ್ದರು, ಒಂದು ಸಲ ಬಾಳೆಹಣ್ಣಿನ ಗಾಡಿಗೆ ಗುದ್ದಿದರು. ಮೂರನೇ ತಿಂಗಳಿಗೆ ಬುರ್ಖಾದ ತುದಿಯನ್ನು ಮಡಚಿ ಸೀಟಿನಡಿ ಸಿಕ್ಕಿಸಿ, ಹಿಂದೆ ಹದಿನೈದು ಸೀರೆ ಕಟ್ಟಿಕೊಂಡು, ಲಾರಿಗಳು ಬಿಡುವಿಲ್ಲದೆ ಓಡುವ ಪಿ.ಬಿ. ರೋಡ್ ದಾಟಿದರು. ಆ ಸ್ಕೂಟರಿಗೆ ಇವತ್ತಿಗೂ ನಮ್ಮ ಬೀದಿಯಲ್ಲಿ ಕುದುರೆ ಎಂದೇ ಹೆಸರು.

ಮೂರು ವರ್ಷದ ಹಿಂದೆ ‘ಕಂಚಿನ ಹೊಳೆ’ ಟಿ.ವಿ.ಗೆ ಬಂತು. ಮೊದಲ ಸೀಸನ್‌ನಲ್ಲಿ ಮೂರು ಸಂಪುಟ, ಎರಡನೆಯದರಲ್ಲಿ ಮತ್ತೆರಡು. ಶುಕ್ರವಾರ ಸಂಜೆ ಆರಕ್ಕೆ ಒಂದು ಕಂತು. ಎದುರು ಮನೆಯ ವಾಣಿಯ ದೊಡ್ಡ ಟಿ.ವಿ. ಮುಂದೆ ಇಡೀ ಕಟ್ಟೆ ಸೀರೆಗಳ ಸಮೇತ ವಲಸೆ ಹೋಗುತ್ತಿತ್ತು. ವಾಣಿ ನಿಜಲಿಂಗಪ್ಪ ಬಡಾವಣೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಕುಚ್ಚು ಬಾರದಿದ್ದರೂ ಶಾಲೆ ಬಿಟ್ಟೊಡನೆ ಕಥೆಗಾಗಿ ಕಟ್ಟೆಗೆ ಬಂದು ದಾರ ಸಿಕ್ಕು ಮಾಡುತ್ತಿದ್ದಳು.

“ಕುದುರೆ ನೋಡ್ರಿ, ನಡುವಿನ ಎಲ್ಡು ಕಾಲು ನೆಲಾನೇ ಮುಟ್ಟಲ್ಲ,” ಎಂದು ವಾಣಿ ಮೊದಲ ದಿನವೇ ಕಂಡುಹಿಡಿದಳು.

“ಬಾಡಿಗೆ ಕಾಲು ಇರಬೇಕು. ಸವೆದ್ರೆ ವಾಪಸ್ ತಗೊಳ್ಳಲ್ಲ,” ಎಂದರು ಖತೀಜಾಬೀ.

“ಚಂದಲೆ ಮೂಗು ಸರಿ ಇಲ್ಲ.”

“ಮೂಗು ಕಟ್ಕೊಂಡು ಏನ್ ಮಾಡ್ತಿ, ಕೂತ ಭಂಗಿ ನೋಡು. ಬೆನ್ನು ನೆಟ್ಟಗೈತೆ. ನಾನೂ ಹಂಗೇ ಕೂಡೋದು ಗಾಡಿ ಮ್ಯಾಲೆ.”

ಗುರುಶಾಂತಮ್ಮ ಇವರಿಗೆಲ್ಲ ಪ್ರಮಾಣಗ್ರಂಥ. ಟಿ.ವಿ.ಯವರು ಏನನ್ನಾದರೂ ಬದಲಿಸಿದರೆ ಎಲ್ಲರ ಕತ್ತು ಅವರ ಕಡೆ ತಿರುಗುತ್ತಿತ್ತು. “ಪುಸ್ತಕದಾಗೆ ಹಿಂಗಿಲ್ಲ,” ಎಂದು ಅವರೊಮ್ಮೆ ಅಂದರೆ ಕೋಟಿಗಟ್ಟಲೆ ಸುರಿದು ಮಾಡಿದ ದೃಶ್ಯ ನಮ್ಮ ಬೀದಿಯಲ್ಲಿ ನೆಲಕಚ್ಚಿತೆಂದೇ ಅರ್ಥ.

ಈ ವರ್ಷ ಮೂರನೇ ಸೀಸನ್ ಪ್ರಕಟವಾಯಿತು. ಆರನೇ ಸಂಪುಟ, ಕೊನೆಯದು. ಹಳೆಯ ಮುದ್ರಣ ಯಾವ ಅಂಗಡಿಯಲ್ಲೂ ಇಲ್ಲ. ಸೀರಿಯಲ್ ಮುಗಿದ ಮೇಲೆಯೇ ಹೊಸ ಮುದ್ರಣವೆಂದು ಸುದ್ದಿ. ಖತೀಜಾಬೀ ಅವರ ಮಗಳು ಆಮ್ನಾ ಫಾರ್ಮಸಿ ಓದುತ್ತಾಳೆ. ಅವಳು ‘ಹೊಳೆ ದಂಡೆ’ ಎಂಬ ವಾಟ್ಸಾಪ್ ಗುಂಪಿನಲ್ಲಿದ್ದಳು. ಆರುನೂರು ಅಭಿಮಾನಿಗಳು, ಹಗಲೆಲ್ಲ ಚರ್ಚೆ. ಚಂದಲೆ ಬದುಕುತ್ತಾಳೋ ಇಲ್ಲವೋ ಎಂಬುದಕ್ಕೆ ಅಲ್ಲಿ ಎರಡು ಪಕ್ಷಗಳಾಗಿ, ಒಂದು ಪಕ್ಷದವರು ಇನ್ನೊಂದು ಪಕ್ಷದವರ ಗುಡ್ ಮಾರ್ನಿಂಗಿಗೆ ಉತ್ತರಿಸುವುದನ್ನೇ ನಿಲ್ಲಿಸಿದ್ದರು. ಯಾರಾದರೂ ಆರನೇ ಸಂಪುಟದ ಗುಟ್ಟು ಬಿಟ್ಟರೆ ಗುಂಪಿನಿಂದ ಹೊರಗೆ. ಒಂದು ದಿನ ಆಮ್ನಾ ತಡೆಯಲಾರದೆ ಬರೆದಳು: ನಮ್ಮ ಬೀದಿಯಲ್ಲಿ ಆರೂ ಸಂಪುಟ ಓದಿದವರಿದ್ದಾರೆ.

ಹತ್ತು ನಿಮಿಷಕ್ಕೆ ಫೋನ್ ಬಂತು. ಗುಂಪು ನಡೆಸುವ ಕೊಟ್ರೇಶ್, ಹರಿಹರದಲ್ಲಿ ಮೊಬೈಲ್ ರಿಪೇರಿ ಅಂಗಡಿಯವನು. ಶುಕ್ರವಾರ ಮೊದಲ ಕಂತು, ಅದಕ್ಕೂ ಮೊದಲು ಭಾನುವಾರ ಹರಿಹರದಲ್ಲಿ ಅಭಿಮಾನಿಗಳ ಕೂಟ ಇಟ್ಟಿದ್ದೇವೆ, ಅಮ್ಮ ಬರಲೇಬೇಕು ಎಂದ. ಏನೂ ಹೇಳಬಾರದು, ಆರನೇ ಸಂಪುಟದ ಸಾರಾಂಶವನ್ನು ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಎಲ್ಲರೆದುರು ಕೊಡಬೇಕು. ಕೊನೆಯ ಕಂತು ಬಂದ ಮೇಲೆ ಒಡೆದು ನೋಡುವುದು, ಟಿ.ವಿ.ಯವರು ಎಷ್ಟು ಬದಲಿಸಿದ್ದಾರೆಂದು. ಫೋನ್ ಸ್ಪೀಕರಿನಲ್ಲಿತ್ತು. ಕಟ್ಟೆಯೆಲ್ಲ ಚಪ್ಪಾಳೆ ತಟ್ಟಿತು. ಗುರುಶಾಂತಮ್ಮ “ಆತು ಬಿಡ್ರಿ,” ಎಂದರು. ಆವತ್ತಿನ ಅವರ ಕುಚ್ಚಿನಲ್ಲಿ ಎರಡು ಮಣಿ ಉಲ್ಟಾ ಬಿದ್ದಿದ್ದವು.

ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು. ನಾನು ಈಗ ಹರಿಹರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಬಿ.ಎ. ಕೊನೆಯ ವರ್ಷ.

“ನಯನಾ, ಆರನೇದು ನಾನು ಓದೇ ಇಲ್ಲವ್ವ.”

ನಾನು ಕಟ್ಟೆಯ ಮೇಲೆ ಕೂತೆ.

“ಐದು ಓದಿ ಮುಗಿಸಿ ಲೈಬ್ರರಿಗೆ ಓಡಿದ್ರೆ, ಆರನೇದು ಯಾರೋ ಒಯ್ದೋರು ತಿರುಗಿ ಕೊಟ್ಟಿಲ್ಲ ಅಂದ್ರು ಲೈಬ್ರರಿ ನಡೆಸ್ತಿದ್ದ ಹಾಲೇಶಪ್ಪ. ಆಮ್ಯಾಲೆ ಲೈಬ್ರರಿನೇ ಮುಚ್ಚಿದ್ರು. ಇಲ್ಲಿ ಕಟ್ಟೆ ಮ್ಯಾಲೆ ಇವರು ಬಿಡ್ಬೇಕಲ್ಲ! ಕುದುರೆ ನೀರಿಗೆ ಹಾರೈತೆ, ಮುಂದೆ ಹೇಳ್ರಿ ಮುಂದೆ ಹೇಳ್ರಿ ಅಂತ. ಒಂದು ದಿನ ತಲೆನೋವು ಅಂದೆ, ಎಲ್ಡು ದಿನ ತಲೆನೋವು ಅಂದೆ. ಮೂರನೇ ದಿನ ಹೇಳಿಬಿಟ್ಟೆ.”

“ಗಂಟು, ಮಂಡಕ್ಕಿ, ಶೆಟ್ಟರ ನೆರಳು...?”

“ಎಲ್ಲಾ ನಂದೇ.” ಅವರ ಮುಖದಲ್ಲಿ ನಾಚಿಕೆಯೂ ಇತ್ತು, ಅದರ ಅಡಿಯಲ್ಲಿ, ಒಲೆಯ ಮೇಲೆ ಹಾಲು ಉಕ್ಕುವ ಮೊದಲು ಕಾಣುವಂಥದ್ದು ಏನೋ ಒಂದು ಕೂಡ ಇತ್ತು.

ಶನಿವಾರ ಕಾಲೇಜು ಬಿಟ್ಟ ಮೇಲೆ ಇಬ್ಬರೂ ಹಾಲೇಶಪ್ಪನವರನ್ನು ಹುಡುಕಿದೆವು. ಲೈಬ್ರರಿ ಮುಚ್ಚಿ ಅವರು ಹರಿಹರಕ್ಕೆ ಮಗಳ ಮನೆಗೆ ಬಂದು ವರ್ಷಗಳಾಗಿದ್ದವು. ದೇವಸ್ಥಾನದ ಹಿಂದಿನ ಬೀದಿಯಲ್ಲಿ, ಕಬ್ಬಿಣದ ಟ್ರಂಕಿನ ಮೇಲೆ ಕೂತು ಅವರು ಪೇಪರ್ ಓದುತ್ತಿದ್ದರು.

“ಗುರ್ತು ಸಿಕ್ತಾ ಹಾಲೇಶಪ್ಪರೇ?”

ಅವರು ಕನ್ನಡಕ ಏರಿಸಿ ನೋಡಿದರು. “ಸದಸ್ಯತ್ವ ನಂಬರ್ ನೂರಾ ಹದಿನಾಲ್ಕು. ಪುಸ್ತಕದ ತುಂಬ ಅರಿಶಿಣದ ಬೆರಳು ಒತ್ತಿ ತರ್ತಿದ್ದೋರು. ಬರ್ರಿ, ಕೂಡ್ರಿ.”

“ಕಂಚಿನ ಹೊಳೆ ಆರನೇದು ಯಾರೋ ಒಯ್ದು ಕೊಟ್ಟಿಲ್ಲ ಅಂದಿದ್ರಿ. ಯಾರು ಅಂತ ನೆನಪೈತಾ? ಅವರ ಮನೆಗೇ ಹೋಗ್ತೀನಿ.”

ಹಾಲೇಶಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಎದ್ದು ಟ್ರಂಕಿನ ಮುಚ್ಚಳ ತೆಗೆದರು. “ಸುಳ್ಳು ಹೇಳಿದ್ದೆ ತಾಯಿ. ಇಲ್ಲೇ ಐತೆ.”

“ಇಷ್ಟು ವರ್ಷ?”

“ಏನ್ ಮಾಡ್ಲಿ ಹೇಳ್ರಿ. ಆ ಪುಣ್ಯಾತ್ಮ ಬರೆದೋನು ಹನ್ನೆರಡನೇ ಪುಟಕ್ಕೇ ಆಕೆನ್ನ ಮುಳುಗಿಸಿಬಿಟ್ಟಾನೆ. ಮೊದ್ಲು ಒಯ್ದ ಮೂರು ಜನಾನೂ ಮರುದಿನಾನೇ ತಂದು ಟೇಬಲ್ ಮ್ಯಾಲೆ ಒಗೆದ್ರು. ಒಬ್ಬ ಟೀಚರಮ್ಮ, ನಾನೇ ಕೈಯಾರೆ ಮುಳುಗಿಸಿದೆ ಅನ್ನೋ ಹಂಗೆ ಬೈದ್ರು. ನಾಲ್ಕನೆಯೋರು ನೀವು. ಓಡ್ಕೊಂಡು ಬಂದಿದ್ರಿ, ಏದುಸಿರು. ಕೊಡಕ್ಕೆ ಧೈರ್ಯ ಆಗ್ಲಿಲ್ಲ.”

ಗುರುಶಾಂತಮ್ಮ ನಿಂತಲ್ಲೇ ಹನ್ನೆರಡನೇ ಪುಟ ತೆಗೆದರು. ತುಟಿ ಅಲುಗುತ್ತಿತ್ತು. ಹೊಳೆ ಅವಳ ಹೆಸರು ಕೇಳುತ್ತದೆ, ಅವಳಿಗೆ ನೆನಪಾಗುವುದಿಲ್ಲ. ದಡಕ್ಕೆ ಕುದುರೆ ಮಾತ್ರ ಈಜಿ ಬರುತ್ತದೆ, ಬೆನ್ನು ಖಾಲಿ.

“ಕುದುರೆ ಬಂತಲ್ಲ, ಅಷ್ಟಾದ್ರೂ,” ಎಂದರು ಪುಸ್ತಕ ಮುಚ್ಚಿ. ಹಾಲೇಶಪ್ಪ ಚಹಾ ಕುಡಿಯಲೇಬೇಕೆಂದು ಹಟ ಹಿಡಿದರು. ಇಬ್ಬರೂ ಬೈಸಿಕೊಂಡ ಮಕ್ಕಳ ಹಾಗೆ ಎದುರುಬದುರು ಕೂತು ಚಹಾ ಕುಡಿದರು.

ಆಮೇಲೆ ನಾವು ತುಂಗಭದ್ರೆಯ ದಂಡೆಗೆ ಇಳಿದೆವು. ನಾಲ್ಕರ ಬಿಸಿಲು ಓರೆಯಾಗಿತ್ತು. ನೀರಿಗೆ ನಿಜವಾಗಿಯೂ ಕಂಚಿನ ಬಣ್ಣ ಬಂದಿತ್ತು. ಗುರುಶಾಂತಮ್ಮ ಮೆಟ್ಟಿಲ ಮೇಲೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತರು.

“ಇದರಾಗಿರೋದನ್ನ ಬರ್ದು ಕೊಟ್ರೆ ಹರಿಹರದೋರ ಮುಂದೆ ನಾನು ಜಾಣೆ, ಕಟ್ಟೆ ಮುಂದೆ ಕಳ್ಳಿ. ನಂದು ಬರ್ದ್ರೆ ಶುಕ್ರವಾರಕ್ಕೆ ಎಲ್ಲರ ಮುಂದೂ ಕಳ್ಳಿ.” ಸ್ವಲ್ಪ ತಡೆದು ಅಂದರು, “ನಾನು ಕಳ್ಳಿ ಆದ್ರೆ ಆಗ್ಲಿ. ಖತೀಜಾ ಗಾಡಿ ಕಲಿತಿದ್ದು ಚಂದಲೆ ದಾಟಿದ್ಳು ಅಂತ. ಈಗ ದಾಟೇ ಇಲ್ಲ ಅಂದ್ರೆ ಹೆಂಗೆ? ಪಿ.ಬಿ. ರೋಡಿನ ನಡುವೆ ಆ ಮಾತು ನೆನಪಾಗಿ ಕೈ ನಡುಗಿದ್ರೆ?”

ಹಾಗೆ ಯಾವ ಕೈಯೂ ನಡುಗುವುದಿಲ್ಲವೆಂದು ಹೇಳಬಹುದಿತ್ತು. ಆದರೆ ಕಥೆಯಿಂದ ಕೈ ಗಟ್ಟಿಯಾಗುವುದಾದರೆ ನಡುಗುವುದೂ ಸಾಧ್ಯ.

“ಟಿ.ವಿ. ಹೇಳೋಕೆ ಮೊದ್ಲು ನಾನೇ ಹೇಳ್ಬೇಕು,” ಎಂದರು ಏಳುತ್ತ.

ಭಾನುವಾರದ ಕೂಟ ಒಂದು ಖಾನಾವಳಿಯ ಮೇಲಿನ ಹಾಲ್‌ನಲ್ಲಿ. ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು, ಮೇಲೆ ನಲವತ್ತು ಜನ ಒಟ್ಟಿಗೇ ಮಾತಾಡುವ ಸದ್ದು. ರಟ್ಟಿನ ಕಿರೀಟಗಳು, ಗಡಿಗೆಗಳು, ಕೊಡೆಗೆ ಬೆಳ್ಳಿ ಕಾಗದ ಸುತ್ತಿ ಮಾಡಿದ ಕತ್ತಿಗಳು. ಮೂರು ಕಾಲೇಜು ಹುಡುಗರು ಒಂದೇ ಕಂಬಳಿ ಹೊದ್ದು ಆರು ಕಾಲಿನ ಕುದುರೆಯಾಗಿದ್ದರು. ನಡುವಿನವನು ಸೆಕೆಗೆ ಆಗಾಗ ಕಂಬಳಿ ಎತ್ತಿ ಉಸಿರು ತೆಗೆದುಕೊಳ್ಳುತ್ತಿದ್ದ.

“ಟಿ.ವಿ. ಕುದುರೆಗಿಂತ ಇದೇ ವಾಸಿ,” ಎಂದರು ಖತೀಜಾಬೀ, ಸುತ್ತ ಒಂದು ಪ್ರದಕ್ಷಿಣೆ ಬಂದು. “ನಡುವಿನ ಕಾಲು ನೆಲ ಮುಟ್ಟಿದಾವೆ.”

ನಮ್ಮ ಬೀದಿಯಿಂದ ಅವರು, ಆಮ್ನಾ, ವಾಣಿ ಎಲ್ಲ ಬಂದಿದ್ದರು. ಒಂದು ಮೂಲೆಯಲ್ಲಿ, ನೆರಳು ಕಳೆದುಕೊಂಡವನಿಗೆ ಬಿಸಿಲಿನಲ್ಲಿ ಸುಡುತ್ತದೆಯೋ ಇಲ್ಲವೋ ಎಂದು ವಾದ. ಇನ್ನೊಂದು ಮೂಲೆಯಲ್ಲಿ, ಹೊಳೆಯ ನೀರು ಕಾಯಿಸಿ ಕುಡಿದರೆ ಹೆಸರು ಮರೆಯುತ್ತದೆಯೇ ಎಂದು ವಾದ. ವಾಣಿ ಎರಡೂ ಕಡೆ ಹೋಗಿ ಎರಡೂ ಕಡೆ ಗೆದ್ದು ಬಂದಳು. ಗುರುಶಾಂತಮ್ಮ ಮಾತ್ರ ಲಕೋಟೆಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅದರೊಳಗೆ ಅವರು ರಾತ್ರಿಯೆಲ್ಲ ಓದಿ ಬೆಳಗ್ಗೆ ಬರೆದ, ನಿಜವಾದ ಆರನೇ ಸಂಪುಟದ ಸಾರಾಂಶವಿತ್ತು.

ಕೊಟ್ರೇಶ್ ಮೈಕ್ ಕೊಟ್ಟ. ಗುರುಶಾಂತಮ್ಮ ಎದ್ದು ನಿಂತರು.

“ನೋಡ್ರಿ, ಆರನೇ ಸಂಪುಟದಾಗೆ—”

ಅಷ್ಟೇ. ನಲವತ್ತು ಜನ ಒಮ್ಮೆಲೇ ಕಿವಿ ಮುಚ್ಚಿಕೊಂಡರು. “ಹೇಳಬ್ಯಾಡ್ರಿ ಅಮ್ಮ! ಹೇಳಬ್ಯಾಡ್ರಿ!” ಒಬ್ಬ ಹುಡುಗಿ ಜೋರಾಗಿ ಮಗ್ಗಿ ಹೇಳತೊಡಗಿದಳು. ಕುದುರೆಗೆ ಕಂಬಳಿಯೊಳಗಿನಿಂದ ಕೈ ಸಿಗದೆ ಅದು ಹಿಂದುಮುಂದಾಗಿ ಬಾಗಿಲಿನ ಕಡೆ ಓಡಿತು.

“ಅದಲ್ಲರಪ್ಪ, ನಾನು ಆ ಪುಸ್ತಕಾನ—”

“ಹೇಳಬ್ಯಾಡ್ರಿ!”

ಕೊಟ್ರೇಶ್ ಮೈಕ್ ಕಸಿದುಕೊಂಡು, “ಅಮ್ಮರೇ, ಲಕೋಟೆ ಅಷ್ಟೇ ಕೊಡ್ರಿ, ದಯವಿಟ್ಟು,” ಎಂದ. ಗುರುಶಾಂತಮ್ಮ ಅವನ ಕೈಯಿಂದ ಮೈಕ್ ತಿರುಗಿ ಕಸಿದುಕೊಂಡರು. ನಲವತ್ತು ವರ್ಷ ಒಲೆ ಮುಂದೆ ನಿಂತು ಮನೆಮಂದಿಯನ್ನು ಊಟಕ್ಕೆ ಕೂಗಿದ ದನಿಯಲ್ಲಿ ಕೂಗಿದರು.

“ನಾನು ಓದೇ ಇರ್ಲಿಲ್ಲ!”

ಮಗ್ಗಿ ಹದಿಮೂರು ಏಳಲ ಮೇಲೆ ನಿಂತಿತು.

“ನಿನ್ನೆ ಓದಿದೆ. ಅಲ್ಲಿ ತನಕ ಓದೇ ಇರ್ಲಿಲ್ಲ. ನಮ್ಮ ಕಟ್ಟೆ ಮ್ಯಾಲೆ ಹನ್ನೆಲ್ಡು ವರ್ಷದಿಂದ ಹೇಳ್ತಿರೋ ಆರನೇದು ಪುಸ್ತಕದ್ದಲ್ಲ, ನಂದು. ಪುಸ್ತಕದಾಗೆ ಏನೈತೆ ಅಂತ ಹೇಳಲ್ಲ, ಈ ಲಕೋಟೆಯಾಗೈತೆ. ಇದು ಕೊಟ್ರೇಶಪ್ಪಂಗೆ. ಓದೇ ಇರ್ಲಿಲ್ಲ ಅನ್ನೋ ಮಾತು ನಮ್ಮೋರಿಗೆ.” ಅವರು ಎಡಕ್ಕೆ ತಿರುಗಿದರು. “ಖತೀಜಾ, ನಿಂಗೆ ಸುಳ್ಳು ಹೇಳಿದೆ.”

ಮೊದಲು ಎದ್ದವಳು ವಾಣಿ. “ಅಕ್ಕಾ! ನಮ್ಮ ತವರುಮನೆಗೆಲ್ಲ ಹೇಳೀನಿ! ಮಲೆಬೆನ್ನೂರಾಗೆ ನಮ್ಮ ಅತ್ತಿಗೆಗೆ ಚಾಲೆಂಜ್ ಮಾಡೀನಿ, ಮಂಡಕ್ಕಿ ಸೀನ್ ಬರದೇ ಇದ್ರೆ ನನ್ನ ಹೆಸರು ಬದಲಿಸ್ಕೋತೀನಿ ಅಂತ!”

ಗುರುಶಾಂತಮ್ಮ ಅವಳನ್ನು ನೋಡಲಿಲ್ಲ. ಖತೀಜಾಬೀ ನಿಧಾನವಾಗಿ ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ಒರೆಸಿದರು.

“ನಂಗೆ ಗೊತ್ತಿತ್ತು ಬಿಡ್ರಿ.”

“ಏನ್ ಗೊತ್ತಿತ್ತು?”

“ಅರೆ, ಐದು ಪುಸ್ತಕದಾಗೆ ಒಬ್ರಾದ್ರೂ ಉಂಡಿದ್ರಾ? ಯುದ್ಧ ಮಾಡ್ತಾರೆ, ಬೆಟ್ಟ ಹತ್ತುತಾರೆ, ಹದಿನೆಂಟು ದಿನ ಕುದುರೆ ಓಡಿಸ್ತಾರೆ, ಒಂದು ತುತ್ತು ಅನ್ನ ಇಲ್ಲ. ಆರನೇದಕ್ಕೆ ಬಂದ ಕೂಡ್ಲೇ ಮುದುಕಿ ಬಂದ್ಳು, ಮಂಡಕ್ಕಿ ಬಂತು, ಮೆಣಸಿನಕಾಯಿ ಬಂತು. ಇದು ನಮ್ಮ ಗುರುಶಾಂತಕ್ಕನ ಕೈಯಡಿಗೆ ಅಂತ ಆವತ್ತೇ ಗೊತ್ತಾತು.”

ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುರುಶಾಂತಮ್ಮ ನಗಲಿಲ್ಲ.

“ಗೊತ್ತಿದ್ದೂ ಗಾಡಿ ಕಲಿತ್ಯಾ?”

“ಗೊತ್ತಿದ್ದಕ್ಕೇ ಕಲಿತೆ. ಎಲ್ಲೋ ಕೂತು ಬರೆದೋನು ನನ್ನ ನೋಡಿದ್ನಾ? ನೀವು ದಿನಾ ನೋಡ್ತಿದ್ರಿ, ಸೀರೆಗಂಟು ಹೊತ್ಕೊಂಡು ಮೂಲೆಯಾಗೆ ಆಟೋಗೆ ನಿಂತಿರೋದನ್ನ. ನೀವೇ ದಾಟ್ತಾಳೆ ಅಂದ್ರಲ್ಲ.”

ಗುರುಶಾಂತಮ್ಮ ಸೆರಗಿನಿಂದ ಮುಖ ಒರೆಸಿದರು. ಅಷ್ಟರಲ್ಲಿ ಬಾಗಿಲಿನಿಂದ ಕುದುರೆ ತಿರುಗಿ ಬಂದು, ಅದರ ನಡುವಿನ ಭಾಗ ಕಂಬಳಿ ಎತ್ತಿ ಕೇಳಿತು: “ಅಮ್ಮಾರೇ, ಆ ಮಂಡಕ್ಕಿದು ಏನ್ ಕಥೆ? ನಮಗೂ ಹೇಳ್ರಿ.”

ಗದ್ದಲ ಎದ್ದಿತು. ಪುಸ್ತಕದಲ್ಲೇ ಇಲ್ಲದ ಆರನೇ ಸಂಪುಟ ಹೇಳಿದರೆ ಗುಟ್ಟು ಬಿಟ್ಟಂತೆ ಆಗುತ್ತದೆಯೋ ಇಲ್ಲವೋ? ಆಗುತ್ತದೆ, ಪುಸ್ತಕಕ್ಕೂ ಇದಕ್ಕೂ ಎಲ್ಲಿ ಹೊಂದುವುದಿಲ್ಲವೆಂದು ಊಹಿಸಬಹುದು ಎಂದು ಒಂದು ಪಕ್ಷ. ಊಹೆ ಗುಟ್ಟಲ್ಲ ಎಂದು ಇನ್ನೊಂದು. ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ ಎಂದು ಜಪ್ಪಯ್ಯ ಅಂದರೂ ಹೇಳುವುದಿಲ್ಲವೆಂದು ಗುರುಶಾಂತಮ್ಮನವರಿಂದ ಮಾತು ಪಡೆದು, ಅರ್ಧ ಗಂಟೆಯ ಮೇಲೆ ಕೊಟ್ರೇಶ್ ಕೈಯೆತ್ತಿಸಿ ಲೆಕ್ಕ ಹಾಕಿದ. ಹೇಳಬೇಕೆಂಬವರು ಮೂವತ್ತೊಂದು. ಉಳಿದವರು ಕೆಳಗೆ ಹೋಗಿ ಊಟ ಮಾಡಬಹುದೆಂದು ತೀರ್ಪಾಯಿತು. ಯಾರೂ ಹೋಗಲಿಲ್ಲ.

“ಕೈ ಖಾಲಿ ಇದ್ರೆ ಇವರಿಗೆ ಕಥೆ ಬರಲ್ಲ,” ಎಂದು ಖತೀಜಾಬೀ ತಮ್ಮ ಚೀಲದಿಂದ ದಾರದ ಉಂಡೆ ತೆಗೆದರು. ಆಮ್ನಾ ತನ್ನ ದುಪಟ್ಟಾ ತೆಗೆದು ಕೊಟ್ಟಳು. ಗುರುಶಾಂತಮ್ಮ ಅದರ ಅಂಚನ್ನು ಮೊಣಕಾಲ ಮೇಲೆ ಹರವಿಕೊಂಡು ಮೊದಲ ಗಂಟು ಹಾಕಿದರು. ಚಂದಲೆ ಮುಂಗೈಗೆ ದಾರ ಸುತ್ತಿಕೊಂಡಳು. ಕುಳ್ಳ ಶೆಟ್ಟರಿಗೆ ತೆಂಗಿನಮರದ ನೆರಳು ಅಂಟಿದಾಗ ಕುದುರೆ ಮೂರು ತುಂಡಾಗಿ ನೆಲಕ್ಕೆ ಬಿದ್ದು ನಗುತ್ತಿತ್ತು. ಕೊನೆಯ ಗಂಟಿನ ಹೊತ್ತಿಗೆ ಸರಿಯಾಗಿ ವಾಣಿ ಕತ್ತರಿಯನ್ನು ಬಚ್ಚಿಟ್ಟಿದ್ದಳು. ಅವಳ ಸಿಟ್ಟು ಅಷ್ಟಕ್ಕೇ ಮುಗಿದಿತ್ತೆಂದು ನಮಗೆ ಅದರಿಂದ ತಿಳಿಯಿತು.

ಶುಕ್ರವಾರ ಸಂಜೆ ಆರಕ್ಕೆ ಎಲ್ಲರೂ ವಾಣಿಯ ಮನೆಯಲ್ಲಿದ್ದೆವು. ಹದಿನೆಂಟನೇ ನಿಮಿಷಕ್ಕೆ ಹೊಳೆ ಚಂದಲೆಯ ಹೆಸರು ಕೇಳಿತು. ಅವಳಿಗೆ ನೆನಪಾಗಲಿಲ್ಲ. ಬಹಳ ಚೆನ್ನಾಗಿ ತೆಗೆದಿದ್ದರು. ನೀರಿನ ಮೇಲೆ ಒಂದೇ ಒಂದು ಗುಳ್ಳೆ ಬಂದು ಒಡೆಯಿತು. ನಾನು ಟಿ.ವಿ. ನೋಡುತ್ತಿದ್ದೆ, ಗುರುಶಾಂತಮ್ಮ ಖತೀಜಾಬೀ ಅವರನ್ನೇ ನೋಡುತ್ತಿದ್ದರು.

ಕಂತು ಮುಗಿಯಿತು. ಖತೀಜಾಬೀ ಮೂಗು ಒರೆಸಿಕೊಂಡರು. ಗಡಿಯಾರ ನೋಡಿ ಎದ್ದರು.

“ಯಾ ಅಲ್ಲಾ, ಅಂಗಡಿ ಮುಚ್ಚಿಬಿಡ್ತಾರೆ. ಹನ್ನೊಂದು ಸೀರೆ ಕೊಡೋದೈತೆ.” ಬಾಗಿಲಲ್ಲಿ ತಿರುಗಿದರು. “ಗುರುಶಾಂತಕ್ಕ, ನಾಳೆಯಿಂದ ಆ ಪುಸ್ತಕದ್ದು ಓದ್ರಿ. ಏನ್ ಬರೆದಾನೋ ನಾನೂ ಕೇಳ್ಬೇಕು. ನಾನು ಬರೋ ತನಕ ಶುರು ಮಾಡಬ್ಯಾಡ್ರಿ ಮತ್ತೆ.”

ಸೀಟಿನಡಿ ಬಟ್ಟೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ ಅವರು ಹೊರಟರು. ಗುರುಶಾಂತಮ್ಮ ಹೊಸ್ತಿಲಲ್ಲಿ ನಿಂತು ಸದ್ದನ್ನು ಹಿಂಬಾಲಿಸಿದರು. ಬೀದಿಯ ತಿರುವು, ಬೋರ್‌ವೆಲ್, ಮೂಲೆಯ ಆಟೋ ನಿಲ್ದಾಣ. ಆಚೆಗೆ ಪಿ.ಬಿ. ರೋಡಿನ ಲಾರಿಗಳ ಗುಂಗು. ಅದರ ನಡುವೆ ಗಟ್ಟಿಯಾಗಿ, ಎರಡು ಸಲ, ಖತೀಜಾಬೀ ಅವರ ಹಾರ್ನ್. ಆಮೇಲೆ ಆ ಸದ್ದು ಆಚೆ ಕಡೆಯಿಂದ ಕೇಳಿಸಿತು. ಗುರುಶಾಂತಮ್ಮ ಒಳಗೆ ಬಂದು ನೀರು ಕುಡಿದರು.

ಈಗ ಕಟ್ಟೆಯ ಮೇಲೆ ನಿಜವಾದ ಆರನೇ ಸಂಪುಟ ನಡೆಯುತ್ತಿದೆ. ಗುರುಶಾಂತಮ್ಮನವರ ಎರಡೂ ಕೈಯಲ್ಲಿ ಪುಸ್ತಕ, ಮಡಿಲಲ್ಲಿ ಸೀರೆಯಿಲ್ಲ. ಕತ್ತರಿಸಲು ಗಂಟಿಲ್ಲದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ದಿನಾ ಜಗಳ. ಲಕೋಟೆ ಕೊಟ್ರೇಶನ ಅಂಗಡಿಯ ಬೀರುವಿನಲ್ಲಿ ಕೊನೆಯ ಕಂತಿಗೆ ಕಾಯುತ್ತಿದೆ. “ಒಪ್ಪಬೇಕು ಖತೀಜಾ, ಚೆಂದ ಬರೆದಾನೆ. ನಂಗಿಂತ ಚೆಂದ,” ಎಂದು ಗುರುಶಾಂತಮ್ಮ ಮೊನ್ನೆ ಪುಟದ ನಡುವೆಯೇ ನಿಲ್ಲಿಸಿ ಹೇಳಿದರು. ಖತೀಜಾಬೀ ಒಪ್ಪಲಿಲ್ಲ.

ನಿನ್ನೆ ಇನ್ನೂರ ಮೂರನೇ ಪುಟಕ್ಕೆ ಬಂದೆವು. ಚಂದಲೆಯ ತಂಗಿ ಖಾಲಿ ಬೆನ್ನಿನ ಆ ಕುದುರೆಯನ್ನೇ ಏರಿ ಒಂಬತ್ತು ದಿನ ಸಾಗಿ, ಅಂಬಿಗನ ಗುಡಿಸಲಿನ ಬಾಗಿಲು ತಟ್ಟುತ್ತಾಳೆ. ಗುರುಶಾಂತಮ್ಮ ಓದಿದರು: “ಉಣ್ಣಲು ಏನಾದರೂ ಇದೆಯೇ ಎಂದು ಅವಳು ಕೇಳಿದಳು.”

ಕಟ್ಟೆಯ ಮೇಲೆ ಎಲ್ಲರ ಕೈ ನಿಂತಿತು.

“ಕೊನೆಗೂ ಇವನಿಗೆ ಹೊಟ್ಟೆ ನೆನಪಾತು,” ಎಂದರು ಖತೀಜಾಬೀ. “ಏನ್ ಕೊಟ್ರಂತೆ?”

ಗುರುಶಾಂತಮ್ಮ ಮುಂದಿನ ಸಾಲು ನೋಡಿದರು, ಪುಟ ತಿರುವಿ ನೋಡಿದರು. “ಅದು ಹೇಳಿಲ್ಲ. ಉಂಡಳು ಅಂತ ಅಷ್ಟೇ ಐತೆ.”

ಗುರುಶಾಂತಮ್ಮ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದರು. ಖತೀಜಾಬೀ ತಾವು ಕುಚ್ಚು ಕಟ್ಟುತ್ತಿದ್ದ ಸೀರೆಯ ಅರ್ಧ ಸೆರಗನ್ನು ಅವರ ಮೊಣಕಾಲ ಮೇಲೆ ಎಳೆದು ಹಾಕಿದರು.

“ಅಂಬಿಗನ ಹೆಂಡ್ತಿ,” ಎಂದರು ಗುರುಶಾಂತಮ್ಮ, ದಾರ ಸುತ್ತುತ್ತ, “ಆವತ್ತು ಬೆಳಗ್ಗೆ ತಾನೇ ಬೆಣ್ಣೆ ಕಡೆದಿದ್ಳು.”